ಪ್ರಶ್ನೆ ಕೇಳಲು ನಾಚುವ ಮಕ್ಕಳು

ನಿಮ್ಮ ಮನೆಯಲ್ಲಿ ಬಿ.ಸಿ.ಎ. ಅಥವಾ ಇಂಜಿನಿಯರಿಂಗ್ ಓದುವ ಮಗಳಿದ್ದರೆ ಈ ದೃಶ್ಯ ನಿಮಗೆ ಪರಿಚಿತ. ರಾತ್ರಿ ಹನ್ನೊಂದಾದರೂ ಅವಳು ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಬರೆದ ಪ್ರೋಗ್ರಾಂ ಓಡುತ್ತಿಲ್ಲ, ತಪ್ಪು ಎಲ್ಲಿದೆಯೆಂದೂ ತಿಳಿಯುತ್ತಿಲ್ಲ. ಬೆಂಗಳೂರಾದರೆ ಪಕ್ಕದ ಮನೆಯಲ್ಲೇ ಒಬ್ಬ ಬಲ್ಲವರು ಸಿಕ್ಕಾರು. ದಾಂಡೇಲಿಯಲ್ಲಿ ಪಕ್ಕದ ಮನೆಯವರು ಕಾಗದ ಕಾರ್ಖಾನೆಗೆ ಹೋಗುವವರು, ಮುಂಡಗೋಡಿನಲ್ಲಿ ರೈತರು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ ನಿಜ. ಆದರೆ ಆ ಹೊತ್ತಿನಲ್ಲಿ ಉಪನ್ಯಾಸಕರ ಬಾಗಿಲು ಬಡಿಯಲಾದೀತೇ? ಜೋಯಿಡಾದ ಕಾಡಿನ ಹಳ್ಳಿಗಳಲ್ಲಂತೂ ಮೊದಲು ಸಿಗ್ನಲ್ ಸಿಗಬೇಕು.

ಇಂಥ ಹೊತ್ತಿಗೆ ಒದಗುವ ತಾಣಗಳಲ್ಲಿ ಪ್ರಸಿದ್ಧವಾದುದು 'ಸ್ಟ್ಯಾಕ್ ಓವರ್‌ಫ್ಲೋ'. ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರಲ್ಲಿ ಅದನ್ನು ಆರಂಭಿಸಿದರು. ನೀವು ಪ್ರಶ್ನೆ ಬರೆಯುತ್ತೀರಿ, ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬರು ಉತ್ತರಿಸುತ್ತಾರೆ. ಓದುಗರು ಮೆಚ್ಚಿ ಮತ ಹಾಕಿದರೆ ಉತ್ತರಿಸಿದವರಿಗೆ 10 ಅಂಕ, ಕೇಳಿದವರೇ ಒಪ್ಪಿಕೊಂಡರೆ 15. ಹಣವಿಲ್ಲ.

ಹಣವಿಲ್ಲದೆ ಯಾರು ಹೇಳಿಕೊಡುತ್ತಾರೆ ಎನ್ನುತ್ತೀರಾ? ನಾವು ಮದ್ರಸಾದಲ್ಲಿ ಪಾಠ ಮುಗಿದ ಮೇಲೆ 'ತಕ್ರಾರ್' ಎಂದು ಕೂರುತ್ತಿದ್ದೆವು. ಉಸ್ತಾದರು ಹೇಳಿದ್ದನ್ನು ಒಬ್ಬ ಮತ್ತೆ ವಿವರಿಸುವುದು, ಉಳಿದವರು ಪ್ರಶ್ನಿಸುವುದು. ಹೆಚ್ಚು ಕಲಿಯುತ್ತಿದ್ದವನು ವಿವರಿಸಿದವನೇ. (ಕನ್ನಡದಲ್ಲಿ ತಕರಾರೆಂದರೆ ಜಗಳ. ಅದೂ ಸ್ವಲ್ಪ ನಡೆಯುತ್ತಿತ್ತೆನ್ನಿ.)

ಆದರೆ ಹೊಸಬರಿಗೆ ಅಲ್ಲಿ ಗದರಿಕೆಯೂ ಸಿಗುತ್ತದೆ. ಹೊಸಬರಿಗೂ ಮಹಿಳೆಯರಿಗೂ ತನ್ನ ತಾಣ ಹಿತವೆನಿಸುತ್ತಿಲ್ಲವೆಂದು 2018ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥದೊಂದು ತಾಣದಲ್ಲಿ ಕೇಳಿದ ಪ್ರಶ್ನೆಯನ್ನು ಯಾರೋ ಮುಚ್ಚಿಬಿಟ್ಟರು. "ಈ ವಿದ್ಯೆ ನನಗೆ ಹತ್ತುವುದಿಲ್ಲ ಸರ್, ಓದು ಬಿಡುತ್ತೇನೆ" ಎಂದಳು. ಏನು ಕೇಳಿದ್ದೆ ಎಂದೆ. 'ನನ್ನ ಪ್ರೋಗ್ರಾಂ ಓಡುತ್ತಿಲ್ಲ, ಸಹಾಯ ಮಾಡಿ' ಎಂದಷ್ಟೇ ಬರೆದಿದ್ದಳು! ವೈದ್ಯರ ಮುಂದೆ 'ಹುಷಾರಿಲ್ಲ' ಎಂದು ಸುಮ್ಮನೆ ಕುಳಿತಂತೆ.

ತಪ್ಪು ಕಾಣಿಸುವಷ್ಟೇ ಚಿಕ್ಕ ಕೋಡ್, ಪರದೆಯ ಮೇಲೆ ಬಂದ ಸಂದೇಶ ಇದ್ದಂತೆಯೇ, ಏನು ಬರಬೇಕಿತ್ತು, ತಾನು ಏನೇನು ಮಾಡಿ ನೋಡಿದೆ, ಇಷ್ಟನ್ನು ಬರೆಯಬೇಕು. ಅವಳು ಹಾಗೆ ಬರೆಯಲು ಕುಳಿತಳು. ಕೋಡನ್ನು ಕತ್ತರಿಸುತ್ತಾ ಹೋದಂತೆ ತಪ್ಪು ತಾನೇ ಸಿಕ್ಕಿತು. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದಂತೆ. ಹತ್ತು ಹೆಸರುಗಳಿದ್ದರೆ ಕೊನೆಯದರ ಸಂಖ್ಯೆ ಒಂಬತ್ತು. ಇವಳು ಹತ್ತನ್ನು ಕೇಳಿದ್ದಳು. ಪ್ರಶ್ನೆ ಕಳಿಸುವ ಅಗತ್ಯವೇ ಬೀಳಲಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ತಾಣದಲ್ಲಿ ಪ್ರಶ್ನೆಗಳು ಬಹಳ ಇಳಿದಿವೆ. ಯಂತ್ರ ಗದರುವುದಿಲ್ಲವಲ್ಲ. ಆದರೆ ಅದರ ಉತ್ತರ ಸರಿಯಿದ್ದಂತೆ ಕಂಡೂ ಎಷ್ಟೋ ಸಲ ತಪ್ಪಿರುತ್ತದೆಂದು ಮರುತಿಂಗಳೇ ಸ್ಟ್ಯಾಕ್ ಓವರ್‌ಫ್ಲೋ ಅಂಥ ಉತ್ತರಗಳನ್ನು ನಿಷೇಧಿಸಿತು. ಅಲ್ಲಿ ಒಬ್ಬ ತಪ್ಪು ಹೇಳಿದರೆ ತಿದ್ದಲು ಹತ್ತು ಜನರಿರುತ್ತಾರೆ. ಯಂತ್ರದೆದುರು ನಿಮ್ಮ ಮಗಳು ಒಬ್ಬಳೇ.

ಅಂದಹಾಗೆ, ಕೋಡ್ ಹಾಕುವ ಮುನ್ನ ಅದರೊಳಗಿನ ಪಾಸ್‌ವರ್ಡ್, ಫೋನ್ ನಂಬರು ತೆಗೆಯಲು ಅವಳಿಗೆ ನೆನಪಿಸಿ.