ಆಸಿಲೇಟರಿನ ಗದ್ದಲ: ಮೂಲ ಹುಡುಕುವ ಬಗೆ

ರೇಡಿಯೋ ಗ್ರಾಹಕದಲ್ಲಾಗಲಿ ಪ್ರೇಷಕದಲ್ಲಾಗಲಿ, ನಿಗದಿತ ಕಂಪನಾಂಕದ ವಿದ್ಯುತ್ ಅಲೆಯನ್ನು ಎಡೆಬಿಡದೆ ಹುಟ್ಟಿಸುವ ಮಂಡಲವೊಂದು ಇದ್ದೇ ಇರುತ್ತದೆ. ಅದನ್ನು ಆಸಿಲೇಟರ್ ಎನ್ನುತ್ತಾರೆ. 7 ಮೆಗಾಹರ್ಟ್ಸ್‌ನ ಆಸಿಲೇಟರ್ ಸೆಕೆಂಡಿಗೆ 70 ಲಕ್ಷ ಸಲ ಕಂಪಿಸುತ್ತದೆ, ಮತ್ತು ಈ ಕಂಪನದ ಎತ್ತರದಲ್ಲಿ ಅಥವಾ ವೇಗದಲ್ಲಿ ಸೇರಿಕೊಳ್ಳುವ ಬೇಡದ ಏರಿಳಿತವೇ ಗದ್ದಲ. ಗ್ರಾಹಕದ ಆಸಿಲೇಟರಿನಲ್ಲಿ ಗದ್ದಲವಿದ್ದರೆ ಪಕ್ಕದ ಪ್ರಬಲ ಕೇಂದ್ರದ ಸಂಕೇತ ಹರಡಿಕೊಂಡು ದುರ್ಬಲ ಕೇಂದ್ರವನ್ನು ಮುಚ್ಚಿಹಾಕುವುದರಿಂದ, ದೋಷ ಒಳಗಿದ್ದರೂ ಅನುಮಾನ ಆಂಟೆನಾದ ಮೇಲೆ ಬೀಳುತ್ತದೆ. ಟ್ರಾನ್ಸಿಸ್ಟರ್ ಬದಲಿಸಿ ನೋಡುವುದು ಹವ್ಯಾಸಿಗಳ ವಾಡಿಕೆಯಾದರೂ, ಮೊದಲು ಪರೀಕ್ಷಿಸಬೇಕಾದದ್ದು ಆಸಿಲೇಟರಿಗೆ ವಿದ್ಯುತ್ ಒದಗಿಸುವ ಪವರ್ ಸಪ್ಲೈಯನ್ನು.

ಅದಕ್ಕೆ ಸುಲಭದ ಉಪಾಯವೆಂದರೆ ಸಪ್ಲೈಯನ್ನು ಕಳಚಿ ಆಸಿಲೇಟರನ್ನು ಬ್ಯಾಟರಿಯಿಂದ ನಡೆಸಿ ನೋಡುವುದು. ಆಗ ಗುಂಯ್ ಎನ್ನುವ ಸದ್ದು ನಿಂತರೆ ದೋಷ ಎಲ್ಲಿದೆಯೆಂಬುದು ಗೊತ್ತಾದಂತೆಯೇ. ಭಾರತದ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು, ಅದನ್ನು ಪೂರ್ಣ ಅಲೆಯ ರೆಕ್ಟಿಫಯರ್ ನೇರ ವಿದ್ಯುತ್ತಾಗಿಸುವಾಗ ಉಳಿಯುವ ಏರಿಳಿತ 100 ಹರ್ಟ್ಸ್‌ನದು. ಹೀಗಾಗಿ 100 ಹರ್ಟ್ಸ್‌ನ ಸದ್ದು ಕೇಳಿಸಿದರೆ ಸೋಸುವ ಕೆಪಾಸಿಟರ್ ಸಾಲದೆಂದೋ ಹಳತಾಗಿದೆಯೆಂದೋ ಭಾವಿಸಬಹುದು; ಬ್ಯಾಟರಿ ಜೋಡಿಸಿದಾಗಲೂ 50 ಹರ್ಟ್ಸ್‌ನ ಸದ್ದು ಉಳಿದರೆ ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಅನುಮಾನಿಸಬೇಕು. ವರಾಕ್ಟರ್ ಡಯೋಡಿನಿಂದ, ಅಂದರೆ ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಕೆಪಾಸಿಟನ್ಸ್ ಬದಲಾಗುವ ಡಯೋಡಿನಿಂದ, ಟ್ಯೂನ್ ಆಗುವ ಮಂಡಲದಲ್ಲಿ ಸಪ್ಲೈಯ ಏರಿಳಿತದ ತೊಂದರೆ ಇನ್ನೂ ಹೆಚ್ಚು. ಒಂದು ವೋಲ್ಟಿಗೆ 100 ಕಿಲೋಹರ್ಟ್ಸ್ ಸರಿಯುವ ಆಸಿಲೇಟರ್ ಒಂದು ಮಿಲಿವೋಲ್ಟಿನ ಏರಿಳಿತಕ್ಕೇ 100 ಹರ್ಟ್ಸ್ ಓಲಾಡುತ್ತದೆ, ಮತ್ತು ಇಷ್ಟು ಸಣ್ಣ ಏರಿಳಿತ ಸಾಮಾನ್ಯ ಮಲ್ಟಿಮೀಟರಿಗೆ ಕಾಣಿಸುವುದು ಕಷ್ಟ. ಟ್ಯೂನಿಂಗ್ ವೋಲ್ಟೇಜನ್ನು ಪ್ರತ್ಯೇಕವಾಗಿ ಸೋಸಬೇಕು ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಸಪ್ಲೈ ನಿರ್ದೋಷಿ ಎಂದು ಖಚಿತವಾದ ಮೇಲೆ ಪ್ಲಾಸ್ಟಿಕ್ ಕಡ್ಡಿಯೊಂದರಿಂದ ಬಿಡಿಭಾಗಗಳನ್ನು ಒಂದೊಂದಾಗಿ ಮೆಲ್ಲನೆ ತಟ್ಟಿ ನೋಡಬೇಕು. ತಟ್ಟಿದಾಗ ಸ್ವರ ಕಂಪಿಸಿದರೆ, ಸುರುಳಿಯ ಸುತ್ತುಗಳು ಸಡಿಲವಾಗಿರುವುದೋ ಬೆಸುಗೆ ಸರಿಯಾಗಿ ಹಿಡಿಯದಿರುವುದೋ ಕಾರಣವಾಗಿರಬಹುದು. ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರು ಅದುಮಿದಾಗ ತಾನೇ ಅಲ್ಪ ವೋಲ್ಟೇಜನ್ನು ಹುಟ್ಟಿಸುವುದರಿಂದ, ಕಂಪನಾಂಕವನ್ನು ನಿರ್ಧರಿಸುವ ಜಾಗದಲ್ಲಿ ಆ ಗುಣವಿಲ್ಲದ, ಬಿಸಿಗೂ ಹೆಚ್ಚು ಬದಲಾಗದ ಎನ್‌ಪಿ0 ಬಗೆಯದನ್ನೇ ಹಾಕಬೇಕು.

ಕೈ ಹತ್ತಿರ ತಂದೊಡನೆ ಆಸಿಲೇಟರ್ ಸೆಳೆಯುವ ವಿದ್ಯುತ್ ಪ್ರವಾಹ ಥಟ್ಟನೆ ಬದಲಾದರೆ, ಅದರ ಟ್ರಾನ್ಸಿಸ್ಟರು ಬೇರೊಂದು ಅತಿ ಹೆಚ್ಚಿನ ಕಂಪನಾಂಕದಲ್ಲೂ ಗುಟ್ಟಾಗಿ ಕಂಪಿಸುತ್ತಿರುವ ಸಾಧ್ಯತೆಯಿದೆ. ಬೇಸಿನ ತಂತಿಗೆ ಫೆರೈಟ್ ಮಣಿಯನ್ನೋ ಹತ್ತಾರು ಓಮ್‌ಗಳ ರೆಸಿಸ್ಟರನ್ನೋ ಸೇರಿಸಿದರೆ ಸಾಮಾನ್ಯವಾಗಿ ಇದು ಅಡಗುತ್ತದೆ.

ಇಷ್ಟಾದರೂ ಉಳಿಯುವ ಸುಸ್ ಎನ್ನುವ ಸಣ್ಣ ಗದ್ದಲ ಮಂಡಲದ ಸ್ವಭಾವಕ್ಕೇ ಸೇರಿದ್ದು. 1966ರಲ್ಲಿ ಡೇವಿಡ್ ಲೀಸನ್ ಪ್ರಕಟಿಸಿದ ಸರಳ ಸೂತ್ರದ ಪ್ರಕಾರ, ಸುರುಳಿ ಮತ್ತು ಕೆಪಾಸಿಟರ್ ಸೇರಿದ ಅನುರಣಕದ ಗುಣಾಂಕ, ಅಂದರೆ ಅದು ಶಕ್ತಿಯನ್ನು ಪೋಲು ಮಾಡದೆ ಹಿಡಿದಿಡುವ ಸಾಮರ್ಥ್ಯದ ಅಳತೆ, ಇಮ್ಮಡಿಯಾದರೆ ಮುಖ್ಯ ಕಂಪನಾಂಕದ ಆಸುಪಾಸಿನ ಗದ್ದಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಸುರುಳಿಗಳ ಗುಣಾಂಕವೂ ಸಾಮಾನ್ಯವಾಗಿ ಕೆಲವು ನೂರನ್ನು ದಾಟುವುದಿಲ್ಲ. ಕ್ವಾರ್ಟ್ಸ್ ಹರಳಿನದು ಹತ್ತಾರು ಸಾವಿರಗಳಲ್ಲಿದ್ದರೂ ಅದರ ಕಂಪನಾಂಕವನ್ನು ಅತ್ತಿತ್ತ ಸರಿಸಲು ಅವಕಾಶ ತೀರ ಕಡಿಮೆ. ಆದ್ದರಿಂದ ಇಡೀ ಬ್ಯಾಂಡಿನಲ್ಲಿ ಟ್ಯೂನ್ ಮಾಡಬೇಕಾದ ಸುರುಳಿಯ ಆಸಿಲೇಟರಿನಿಂದ ಹರಳಿನಷ್ಟು ನಿಶ್ಶಬ್ದವನ್ನು ನಿರೀಕ್ಷಿಸುವುದು ನ್ಯಾಯವಲ್ಲ.