ಟಕ್ಕೆಂದು ನಿಲ್ಲುವ ಗಾಡಿ

ಮೋಟಾರು ಗಾಡಿಯು ಈಗ ಕೇವಲ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಂಥ ಊರುಗಳಲ್ಲಿಯೂ ಸಾಧಾರಣ ಗೃಹಸ್ಥರ ಅಂಗಳದಲ್ಲಿ ಅದು ನಿಂತಿರುವದು. ಎತ್ತು ಮೇವು ಬಿಟ್ಟರೆ ಕಾರಣವೇನೆಂಬುದು ನಮ್ಮ ಹಿರಿಯರಿಗೆ ಗೊತ್ತಾಗುತ್ತಿತ್ತು. ನಮಗಾದರೋ ಗಾಡಿಯು ಮೊಂಡು ಹಿಡಿದರೆ ಕೈಯು ಜೇಬಿಗೆ ಹೋಗುವದೇ ಹೊರತು ಬೇರೆ ಉಪಾಯವು ತೋಚದು. ಅನ್ಯರನ್ನು ಹಳಿಯಲು ಈ ಮಾತನ್ನು ಆಡುತ್ತಿಲ್ಲ. ಹಾಗೆ ಕೈಸುಟ್ಟುಕೊಂಡವರು ನಾವೇ.

ಮೇ ತಿಂಗಳಲ್ಲಿ ಮದುವೆಗೆಂದು ಚಿಂಚೋಳಿಗೆ ಹೋಗಿದ್ದೆವು. ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ಮೂರು ವರ್ಷದ ಮೊಮ್ಮಗಳಿಗೆ ಜ್ವರವು ವಿಪರೀತವಾಗಿ ಏರಿತು. ಕಲಬುರ್ಗಿಗೆ ಒಯ್ಯುವದೇ ಲೇಸೆಂದು ಅಲ್ಲಿಯ ವೈದ್ಯರು ಹೇಳಿದರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೊಸೆಯು ಹಿಂದೆ ಕುಳಿತಳು. ನಾವು ಕೀಲಿಯನ್ನು ತಿರುವಿದೆವು. ಟಕ್, ಟಕ್, ಟಕ್, ಟಕ್! ಅದೇ ಸದ್ದು! ಎಂಟು ದಿನಗಳ ಹಿಂದೆ ಇದೇ ಸದ್ದಿಗೆ ಒಬ್ಬ ಅಂಗಡಿಕಾರನು ಬ್ಯಾಟರಿಯನ್ನು ನೋಡುತ್ತಲೇ “ಮುಗೀತ್ರಿ, ಹೊಸಾದು ಹಾಕ್ರಿ” ಎಂದಿದ್ದನು. ನಾವೂ ಮರುಮಾತಿಲ್ಲದೆ ಐದು ಸಾವಿರ ರೂಪಾಯಿ ತೆತ್ತು ಬಂದಿದ್ದೆವು. ಹೊಸ ಬ್ಯಾಟರಿಯಿದ್ದೂ ಹಳೆಯ ಹಾಡೇ!

ರಸ್ತೆಯ ಬದಿಗೆ ಫರಸಿಕಲ್ಲು ತುಂಬಿದ ಲಾರಿಯೊಂದು ನಿಂತಿತ್ತು. ಅದರ ಚಾಲಕನು ಎದ್ದು ಬಂದು, “ಕಾಕಾರ, ಮುಂದಿನ ದೀಪಾ ಹಚ್ಚಿ ಕೀಲಿ ತಿರುವ್ರಿ, ನಾ ನೋಡ್ತೀನಿ” ಎಂದನು. ದೀಪಗಳು ಮೊದಲು ಚೆನ್ನಾಗಿಯೇ ಉರಿದವು. ಕೀಲಿ ತಿರುವಿದೊಡನೆ ಸತ್ತಂತಾದವು. ಅವನು ಬ್ಯಾಟರಿಯ ತುದಿಗೆ ಬಿಗಿದ ಕ್ಲ್ಯಾಂಪನ್ನು ಮುಟ್ಟಿ ನೋಡಿದನು, ಬೆಚ್ಚಗಿತ್ತು. ಕೈಯಿಂದ ತಿರುವಿದರೆ ತಿರುಗಿತು. ಬಿಚ್ಚಿ ನೋಡಲು ಒಳಗೆಲ್ಲ ಬಿಳಿ-ಹಸಿರು ಬೂಷ್ಟು! ಹೊಸ ಬ್ಯಾಟರಿಯನ್ನು ಕೂಡಿಸಿದ ಮಹಾಶಯನು ಹಳೆಯ ಕ್ಲ್ಯಾಂಪನ್ನು ಒರೆಸಿಯೂ ಇರಲಿಲ್ಲ. ಚಾಲಕನು ಚಾಕುವಿನಿಂದ ಸೀಸವು ಹೊಳೆಯುವವರೆಗೆ ಕೆರೆದು, ಬಿಗಿದನು. ಒಂದೇ ತಿರುವಿಗೆ ಇಂಜಿನು ಹೊರಟಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕೂಸಿನ ಜ್ವರವು ಇಳಿಯಿತು. ಆ ಪುಣ್ಯಾತ್ಮನು ಚಹಕ್ಕೆಂದು ಕೊಟ್ಟ ಹಣವನ್ನೂ ಮುಟ್ಟಲಿಲ್ಲ.

ಊರಿಗೆ ಬಂದ ಮೇಲೆ ಇದರ ಮರ್ಮವನ್ನು ತಿಳಿಯಬೇಕೆಂದು ಹಟ ಹಿಡಿದೆವು. ಕೀಲಿ ತಿರುವಿದಾಗ ಮೊದಲು ಸ್ವಲ್ಪ ವಿದ್ಯುತ್ತು ಸೊಲೆನಾಯ್ಡೆಂಬ ತಂತಿಯ ಸುರುಳಿಗೆ ಹೋಗುವದು. ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ದಂಡವನ್ನು ಸೆಳೆಯುವದು. ‘ಟಕ್’ ಎಂಬುದು ಆ ದಂಡದ ಸದ್ದು. ದಂಡವು ದೊಡ್ಡ ಸಂಪರ್ಕವನ್ನು ಕೂಡಿಸಿದೊಡನೆ ಇಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ೧೦೦ ಆಂಪಿಯರಿಗೂ ಮಿಕ್ಕಿದ ಪ್ರವಾಹವನ್ನು ಬೇಡುವದು. ಅಷ್ಟನ್ನು ಕೊಡಲಾರದೆ ಒತ್ತಡವು ಕುಸಿದರೆ ಅಯಸ್ಕಾಂತವು ಹಿಡಿತವನ್ನು ಬಿಡುವದು. ಬಿಟ್ಟೊಡನೆ ಒತ್ತಡವು ಚೇತರಿಸುವದು. ಪುನಃ ಸೆಳೆಯುವದು, ಪುನಃ ಬಿಡುವದು. ಇದೇ ‘ಟಕ್-ಟಕ್’ ಎಂಬ ಸರಮಾಲೆ.

ಬೂಷ್ಟಿನಿಂದ ಇಷ್ಟೊಂದು ಅನರ್ಥವಾದೀತೆ ಎಂದು ನಮಗೂ ಸಂಶಯವಿತ್ತು. ಲೆಕ್ಕ ಹಾಕಿ ನೋಡಿದೆವು. ಕ್ಲ್ಯಾಂಪಿನಲ್ಲಿ ಒಂದು ಓಮಿನ ಐವತ್ತನೆಯ ಒಂದು ಪಾಲು ತಡೆಯಿದ್ದರೆ ೧೫೦ ಆಂಪಿಯರು ಹರಿಯುವಾಗ ೩ ವೋಲ್ಟು ಅಲ್ಲಿಯೇ ನಷ್ಟ. ೧೦ ಆಂಪಿಯರನ್ನು ಬೇಡುವ ದೀಪಕ್ಕೆ ಅದೇ ತಡೆಯಿಂದ ಹೋಗುವದು ೦.೨ ವೋಲ್ಟು ಮಾತ್ರ. ದೀಪವು ಪ್ರಖರವಾಗಿ ಉರಿಯಿತೆಂದು ಎಲ್ಲವೂ ಸರಿಯಿದೆಯೆಂದು ತಿಳಿಯಲಾಗದು. ಕೀಲಿ ತಿರುವಿದ ಕ್ಷಣದಲ್ಲಿಯೇ ಅದನ್ನು ನೋಡಬೇಕು.

ಮನೆಯಲ್ಲಿ ವೋಲ್ಟು ಅಳೆಯುವ ಮೀಟರಿದ್ದರೆ ಕೆಲಸವು ಇನ್ನೂ ಸುಲಭ. ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರಿಸುವದು. ೧೨ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆ. ತುಂಬಿದ್ದೂ ಇಂಜಿನನ್ನು ತಿರುಗಿಸುವಾಗ ೯.೬ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯು ನಿಜವಾಗಿಯೂ ಜೀರ್ಣವಾದದ್ದು. ಆಗ ಅಂಗಡಿಗೆ ಹೋಗಲು ಅಡ್ಡಿಯಿಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದರ ಕ್ಲ್ಯಾಂಪಿಗೂ ತಾಗಿಸಿ ಕೀಲಿ ತಿರುವಿದರೆ ಮುಳ್ಳು ಅಲುಗಬಾರದು. ಅರ್ಧ ವೋಲ್ಟು ತೋರಿಸಿತೋ, ಕಳ್ಳನು ಅಲ್ಲಿಯೇ ಸಿಕ್ಕಿಬಿದ್ದನು.

ಒಂದೇ ಒಂದು ‘ಟಕ್’ ಕೇಳಿ, ದೀಪವು ಕಂದದೆ ಉರಿದರೆ ದೋಷವು ಬ್ಯಾಟರಿಯದಲ್ಲ. ಸೊಲೆನಾಯ್ಡಿನ ಸಂಪರ್ಕವೋ ಸ್ಟಾರ್ಟರಿನ ಬ್ರಷ್ಷೋ ಸವೆದಿರಬೇಕು. ಅದು ಬಲ್ಲವರು ಮಾಡತಕ್ಕ ಕೆಲಸ.

ನಮ್ಮ ಸೀಮೆಯಲ್ಲಿ ಬ್ಯಾಟರಿಗಳ ಆಯುಷ್ಯ ಕಡಿಮೆಯೆಂಬುದೂ ಸುಳ್ಳಲ್ಲ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಬಿಸಿಲಿಗೆ ಒಳಗಿನ ನೀರು ಬತ್ತುವದು, ಸೀಸದ ಫಲಕಗಳು ಬೇಗ ಸವೆಯುವವು. ಮೇ ತಿಂಗಳಲ್ಲಿ ತಾಗಿದ ಪೆಟ್ಟು ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಹೊರಬೀಳುವದೂ ಉಂಟು. ಶಹಾಬಾದಿನ ಕಲ್ಲುಗಣಿ, ವಾಡಿ-ಸೇಡಂಗಳ ಸಿಮೆಂಟಿನ ಕಾರಖಾನೆಗಳ ನಡುವೆ ಧೂಳಿಗೇನು ಬರ? ಬ್ಯಾಟರಿಯ ನೆತ್ತಿಯ ಮೇಲೆ ಕೂತ ಧೂಳು ಪಸೆಯನ್ನು ಹೀರಿಕೊಂಡು ಎರಡು ಧ್ರುವಗಳ ನಡುವೆ ಸಣ್ಣ ದಾರಿಯನ್ನು ಮಾಡುವದು; ಗಾಡಿ ನಿಂತಲ್ಲಿಯೇ ವಿದ್ಯುತ್ತು ಸೋರುವದು.

ಶುಚಿಮಾಡುವಾಗ ಮೊದಲು ಋಣಧ್ರುವವನ್ನು ಬಿಚ್ಚಿ ಕೊನೆಗೆ ಅದನ್ನೇ ಕೂಡಿಸಬೇಕು. ಈ ಕ್ರಮ ತಪ್ಪಿದರೆ ಪಾನಾ ಗಾಡಿಯ ಮೈಗೆ ತಾಗಿ ಕಿಡಿ ಹಾರುವದು. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ಸಾಕು. ಬೀಡಿ ಸೇದುವವರನ್ನು ದೂರ ಕಳಿಸತಕ್ಕದ್ದು. ಅಡಿಗೆಯ ಸೋಡಾ ಕದಡಿದ ನೀರು ಬೂಷ್ಟನ್ನು ಕರಗಿಸುವದು, ಆದರೆ ಅದು ಬ್ಯಾಟರಿಯ ಒಳಗೆ ಇಳಿಯಬಾರದು. ಒಣಗಿಸಿ ಬಿಗಿದ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ಬಹುದಿನ ಬಾಳುವದು.

೧೯೧೨ರಲ್ಲಿ ಕೆಟರಿಂಗ್ ಎಂಬ ಅಮೇರಿಕದ ಇಂಜಿನಿಯರನ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಗಾಡಿಗಳಲ್ಲಿ ಬರುವದಕ್ಕೆ ಮುಂಚೆ ಹ್ಯಾಂಡಲು ಹಾಕಿ ತಿರುವುವದೇ ರೂಢಿಯಾಗಿತ್ತು. ಅದು ತಿರುಗಿ ಬಡಿದು ಕೈ ಮುರಿಯುತ್ತಿತ್ತು. ಈಗ ತಳ್ಳುವ ದಾರಿಯೊಂದುಂಟು, ಆದರೆ ಕೈಯಿಂದ ಗೇರು ಹಾಕುವ ಗಾಡಿಗೆ ಮಾತ್ರ. ತಾನಾಗಿ ಗೇರು ಬದಲಿಸುವ ಗಾಡಿಯನ್ನು ಊರೆಲ್ಲ ಕೂಡಿ ತಳ್ಳಿದರೂ ಹೊರಡದು.

ನಮ್ಮ ಗಾಡಿಯಲ್ಲಿ ಈಗ ೧೦ ನಂಬರಿನ ಪಾನಾ, ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಡಾದ ಪೊಟ್ಟಣ ಯಾವಾಗಲೂ ಇರುವವು. ಆ ಹಳೆಯ ಬ್ಯಾಟರಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದಿದ್ದೆವು. ಅದು ಚೆನ್ನಾಗಿಯೇ ಇದ್ದಿರಬೇಕೆಂದು ನಮ್ಮ ಮನೆಯಾಕೆ ಇಂದಿಗೂ ಆಡಿಕೊಳ್ಳುತ್ತಾಳೆ. ಪ್ರತ್ಯುತ್ತರ ಕೊಡಲು ನಮ್ಮ ಬಳಿ ಏನೂ ಇಲ್ಲ.