ಕೊಂಡ ಮಣ್ಣು ಮತ್ತು ಮರುಭೂಮಿಯ ಅಂಗಳ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಉದ್ಯೋಗನಿಮಿತ್ತ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲಸಿದ್ದಾರೆ. ಸೊನೋರಾ ಮರುಭೂಮಿಯ ಊರು ಅದು. ವರ್ಷವಿಡೀ ಬೀಳುವ ಮಳೆ ಸುಮಾರು 18 ಸೆಂಟಿಮೀಟರು. ಬೇಸಿಗೆಯಲ್ಲಿ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ದಿನಗಳು ಹಲವು. ಹೊಸ ಮನೆಯ ಮುಂದೆ ಹುಲ್ಲುಹಾಸು ಬೆಳೆಸಬೇಕೆಂದು ಅವರು ಲಾರಿಯಲ್ಲಿ ಮೇಲ್ಮಣ್ಣನ್ನು ತರಿಸಿ, ಮೂರು ಅಂಗುಲ ದಪ್ಪಕ್ಕೆ ಹರಡಿ, ಬೀಜ ಬಿತ್ತಿ, ದಿನವೂ ನೀರುಣಿಸಿದರು. ಅಲ್ಲಿಯವರು ಬರ್ಮ್ಯೂಡಾ ಹುಲ್ಲೆಂದು ಕರೆಯುವ ಆ ಹುಲ್ಲು ಬೇರಾವುದೂ ಅಲ್ಲ, ನಮ್ಮ ಗರಿಕೆಯೇ. ಗರಿಕೆಯನ್ನು ಕೊಲ್ಲುವುದು ಎಷ್ಟು ಕಷ್ಟವೆಂಬುದನ್ನು ಹೊಲದಲ್ಲಿ ಕಳೆ ಕಿತ್ತವರೆಲ್ಲರೂ ಬಲ್ಲರು. ಆದರೂ ಎರಡು ತಿಂಗಳಲ್ಲಿ ಅದು ಹಳದಿಗೆ ತಿರುಗಿತು. ಮಣ್ಣಿನಿಂದ ಕೊಳೆತ ವಾಸನೆ ಹೊರಟಿತು. ಮೇಲೆಲ್ಲ ಬಿಳಿಯ ಹಕ್ಕಳೆ ಕಟ್ಟಿತು. ಅದೇ ಅಂಗಳದಲ್ಲಿ ಆಳಕ್ಕೆ ಬೇರು ಬಿಟ್ಟಿದ್ದ ನಿಂಬೆಯ ಗಿಡ ಮಾತ್ರ ನೀರಿಲ್ಲದೆ ಬಾಡಿತು. ಅಗೆದು ನೋಡಿದರೆ ಮೇಲೆ ಮೂರು ಅಂಗುಲ ಕೆಸರು, ಕೆಳಗೆ ಒಣನೆಲ! “ಈ ಊರಿನಲ್ಲಿ ನೀರು ಕೆಳಕ್ಕಿಳಿಯುವುದನ್ನೇ ಮರೆತಿದೆಯೆ ಸಾರ್?” ಎಂದು ಅವರು ಬರೆದು ಕೇಳಿದ್ದರು.

ಮಣ್ಣು ಹರಡುವುದಕ್ಕೆ ಮೊದಲು ಅಲ್ಲಿ ಏನಿತ್ತೆಂದು ನಾವು ಮರುಪ್ರಶ್ನೆ ಮಾಡಿದೆವು. ಗ್ರಾನೈಟ್ ಜಲ್ಲಿ ಇತ್ತೆಂದು ಉತ್ತರ ಬಂದಿತು. ನೀರಿನ ಉಳಿತಾಯಕ್ಕಾಗಿ ಫೀನಿಕ್ಸಿನ ಬಹಳ ಮನೆಗಳ ಅಂಗಳಕ್ಕೆ ಜಲ್ಲಿಯನ್ನು ಹಾಸುತ್ತಾರೆ. ನಮ್ಮ ಮಿತ್ರರು ಅದರ ಮೇಲೆಯೇ ಮಣ್ಣು ಸುರಿಸಿದ್ದರು. ಕೆಳಗೆ ಜಲ್ಲಿಯಿದ್ದರೆ ನೀರು ಸೊಗಸಾಗಿ ಬಸಿದುಹೋಗುತ್ತದೆಂದು ಯಾರಿಗಾದರೂ ತೋರುವುದು ಸಹಜ. ಹೂಕುಂಡದ ತಳಕ್ಕೆ ಹೆಂಚಿನ ಚೂರು ಹಾಕುವವರೂ ಹೀಗೆಯೇ ಭಾವಿಸುತ್ತಾರೆ. ನಡೆಯುವುದು ಇದಕ್ಕೆ ತೀರ ವಿರುದ್ಧ.

ಕಾರಣವನ್ನು ನಾವು ಪ್ರಯೋಗಶಾಲೆಯ ಗಾಜಿನ ನಳಿಗೆಗಳಲ್ಲಿ ಕಾಣಬಹುದು. ಸಣ್ಣ ರಂಧ್ರದ ನಳಿಗೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಮೇಲ್ಮೈ ಎಳೆತದಿಂದ ನೀರು ಅದರೊಳಗೆ ಮೇಲೇರುತ್ತದೆ. ಇದೇ ಕೇಶಾಕರ್ಷಣೆ. ರಂಧ್ರದ ತ್ರಿಜ್ಯ 1 ಮಿಲಿಮೀಟರಾದರೆ ಏರಿಕೆ ಸುಮಾರು 1.5 ಸೆಂಟಿಮೀಟರು, ತ್ರಿಜ್ಯ ಅದರ ನೂರನೆಯ ಒಂದು ಭಾಗವಾದರೆ ಏರಿಕೆ ನೂರು ಪಾಲಾಗಿ, ಒಂದೂವರೆ ಮೀಟರು. ನುಣುಪು ಮಣ್ಣಿನ ಕಣಗಳ ನಡುವಣ ಸಂದುಗಳು ಇಂಥ ಅಸಂಖ್ಯಾತ ಸಣ್ಣ ನಳಿಗೆಗಳಂತೆ. ಜಲ್ಲಿಯ ಸಂದುಗಳಾದರೋ ದೊಡ್ಡವು. ಸಣ್ಣ ಸಂದು ನೀರನ್ನು ಬಿಗಿಯಾಗಿ ಹಿಡಿದಿರುವಾಗ ದೊಡ್ಡ ಸಂದಿಗೆ ಅದನ್ನು ಎಳೆದುಕೊಳ್ಳುವ ಬಲವಿಲ್ಲ. ಮೇಲಿನ ಮಣ್ಣು ನೀರಿನಿಂದ ತುಂಬಿ, ಆ ಬಿಗಿತ ಬಹುಮಟ್ಟಿಗೆ ಸಡಿಲಿದ ಮೇಲೆಯೇ ಹನಿಯೊಂದು ಜಲ್ಲಿಗೆ ಇಳಿಯುವುದು. ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಾಲ್ಟರ್ ಗಾರ್ಡ್‌ನರ್ ಎಂಬ ವಿಜ್ಞಾನಿ 1950ರ ದಶಕದ ಕೊನೆಗೆ ಮಣ್ಣಿನ ಪದರಗಳನ್ನು ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ತುಂಬಿ, ಒದ್ದೆಯ ಅಂಚು ದಪ್ಪ ಮರಳಿನ ಗಡಿಗೆ ಬಂದು ತಡೆದು ನಿಲ್ಲುವುದನ್ನು ಚಲನಚಿತ್ರದಲ್ಲಿ ಸೆರೆಹಿಡಿದು ತೋರಿಸಿದರು.

ಪಾತ್ರೆ ತೊಳೆಯುವ ಸ್ಪಂಜೊಂದಿದ್ದರೆ ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಅದನ್ನು ನೀರಿನಲ್ಲಿ ಅದ್ದಿ, ಚಪ್ಪಟೆಯಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ತಿರುಗಿಸಿ. ಮತ್ತಷ್ಟು ನೀರು ಸುರಿಯುತ್ತದೆ! ನೀರಿನ ಕಂಬದ ಎತ್ತರ ಹೆಚ್ಚಿದಂತೆ ಅದರ ತೂಕ ಕೇಶಾಕರ್ಷಣೆಯನ್ನು ಗೆಲ್ಲುತ್ತದೆ. ಮೂರೇ ಅಂಗುಲದ ಮಣ್ಣಿನ ಪದರ ಚಪ್ಪಟೆ ಹಿಡಿದ ಸ್ಪಂಜಿನಂತೆ. ಸದಾ ತೊಯ್ದೇ ಇರುತ್ತದೆ. ಅದರಲ್ಲಿ ಗಾಳಿಗೆ ಎಡೆಯಿಲ್ಲ, ಬೇರು ಉಸಿರುಕಟ್ಟುತ್ತದೆ.

ಇನ್ನು ಬಿಳಿಯ ಹಕ್ಕಳೆ. ಫೀನಿಕ್ಸಿಗೆ ಬರುವ ನೀರಿನ ಒಂದು ಪಾಲು ಕೊಲೊರಾಡೊ ನದಿಯದು. ಅದರಲ್ಲಿ ಲೀಟರಿಗೆ ಸುಮಾರು 600 ಮಿಲಿಗ್ರಾಮ್ ಲವಣವಿರುತ್ತದೆ. ಅಂಥ ನೀರನ್ನು ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ಹಾಯಿಸಿದರೆ ಚದರ ಮೀಟರಿಗೆ ಸಾವಿರ ಲೀಟರಾಯಿತು, ಅಂದರೆ 600 ಗ್ರಾಮ್ ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗದು. ಆಗಾಗ್ಗೆ ಹೆಚ್ಚು ನೀರು ಕೊಟ್ಟು ಅದನ್ನು ಬೇರಿನಿಂದ ಕೆಳಕ್ಕೆ ತೊಳೆಯಬೇಕು. ಕೆಳದಾರಿ ಮುಚ್ಚಿದ್ದರೆ ತೊಳೆಯುವುದೆಲ್ಲಿಗೆ?

ನಮ್ಮ ಮಿತ್ರರು ತೆತ್ತ ಹಣದ ಬೆಲೆಯನ್ನೂ ಎಣಿಸಬೇಕು. ಅಲ್ಲಿ ಮಣ್ಣನ್ನು ಘನಗಜದ ಲೆಕ್ಕದಲ್ಲಿ ಮಾರುತ್ತಾರೆ. ಘನಗಜವೆಂದರೆ 27 ಘನ ಅಡಿ. ಅವರ ಅಂಗಳ ಸಾವಿರ ಚದರ ಅಡಿ. ಮೂರು ಅಂಗುಲ, ಅಂದರೆ ಕಾಲು ಅಡಿ ದಪ್ಪಕ್ಕೆ 250 ಘನ ಅಡಿ, ಎಂದರೆ ಒಂಬತ್ತು ಘನಗಜಕ್ಕೂ ಮಿಕ್ಕು ಬೇಕು. ಒಣಮಣ್ಣೇ ಘನಗಜಕ್ಕೆ ಸುಮಾರು ಒಂದು ಟನ್ ತೂಗುತ್ತದೆ. ತೂಕದ ಮೇಲೆ ಕೊಂಡರೆ ತೇವಕ್ಕೂ ಹಣ ತೆತ್ತಂತೆ. ಅಳತೆಯ ಮೇಲೆ ಕೊಂಡರೆ ಸಡಿಲ ಮಣ್ಣು ನೀರು ಬಿದ್ದೊಡನೆ ಕುಸಿದು ಕಡಿಮೆಯಾಗುತ್ತದೆ. ‘ಮೇಲ್ಮಣ್ಣು’ ಎಂಬ ವ್ಯಾಪಾರದ ಹೆಸರೂ ಒಳಗಿರುವುದೇನೆಂಬುದನ್ನು ಹೇಳುವುದಿಲ್ಲ. ಹೆಸರಿಗಿಂತ ವಿದ್ಯುದ್ವಾಹಕತೆಯನ್ನು ಕೇಳುವುದು ಲೇಸು. ಲವಣ ಹೆಚ್ಚಿದಷ್ಟೂ ಮಣ್ಣಿನ ನೀರು ವಿದ್ಯುತ್ತನ್ನು ಹೆಚ್ಚು ಹರಿಯಗೊಡುತ್ತದೆ. ಮೀಟರಿಗೆ 4 ಡೆಸಿಸೀಮೆನ್ಸನ್ನು ಮೀರಿದ ಮಣ್ಣನ್ನು ಚೌಳೆಂದು ಎಣಿಸುವುದು ವಾಡಿಕೆ.

ಹಾಗಾದರೆ ಮಣ್ಣನ್ನು ಕೊಳ್ಳಲೇಬಾರದೆ? ತಗ್ಗು ತುಂಬುವುದಕ್ಕೂ ಎತ್ತರದ ಪಾತಿಗೂ ಕೊಳ್ಳಬೇಕಾದೀತು. ಹುಲ್ಲುಹಾಸಿಗಾದರೆ ಇದ್ದ ನೆಲವನ್ನೇ ಏಳೆಂಟು ಅಂಗುಲ ಅಗೆದು, ಎರಡು ಮೂರು ಅಂಗುಲದಷ್ಟು ಕಾಂಪೋಸ್ಟ್ ಗೊಬ್ಬರವನ್ನು ಅದರೊಡನೆ ಬೆರೆಸುವುದೇ ಮೇಲೆಂದು ನಾವು ಬರೆದೆವು. ಆಗ ಪದರವಿಲ್ಲ, ಗಡಿಯಿಲ್ಲ. ಆ ಬಿಸಿಲಿಗೆ ಗೊಬ್ಬರ ಬೇಗ ಕರಗಿಹೋಗುವುದರಿಂದ ವರ್ಷವರ್ಷವೂ ಸ್ವಲ್ಪ ಹಾಕುತ್ತಿರಬೇಕು. ಅಗೆಯುವಾಗ ಸುಣ್ಣ ಗಟ್ಟಿಗೊಂಡು ಗಾರೆಯಂತಾದ ಪದರ ಸಿಕ್ಕೀತು. ಅಲ್ಲಿ ಅದನ್ನು ಕಲೀಚೆ ಎನ್ನುತ್ತಾರೆ. ಉತ್ತರ ಕರ್ನಾಟಕದ ಎರೆನೆಲದ ಸುಣ್ಣದ ಹರಳೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟೇ. ಗುಂಡಿಗೆ ತುಂಬಿದ ನೀರು ಮರುದಿನವೂ ನಿಂತಿದ್ದರೆ ಆ ಪದರವನ್ನು ಒಡೆಯದೆ ಗತಿಯಿಲ್ಲ.

ಎತ್ತಿ ತೆಗೆದ ಜಲ್ಲಿಯನ್ನೇನು ಮಾಡಲಿ ಎಂದು ಅವರು ಕೇಳಿದರು. ಇಲ್ಲಿ ಎಡ್ಗರ್ ಬಕಿಂಗ್‌ಹ್ಯಾಮ್ ನೆನಪಾಗುತ್ತಾರೆ. ಆಯಾಮ ವಿಶ್ಲೇಷಣೆಯ ಪೈ ಪ್ರಮೇಯದಿಂದ ವಿದ್ಯಾರ್ಥಿಗಳಿಗೆ ಪರಿಚಿತರಾದ ಈ ಭೌತವಿಜ್ಞಾನಿ, ಅದಕ್ಕೂ ಮೊದಲು ಅಮೆರಿಕ ಸರ್ಕಾರದ ಮಣ್ಣಿನ ಇಲಾಖೆಯಲ್ಲಿದ್ದರು. ಒಣಹವೆಗೆ ಒಡ್ಡಿದ ಮಣ್ಣು ಮೊದಮೊದಲು ಬೇಗ ನೀರು ಕಳೆದುಕೊಂಡರೂ, ಮೇಲೊಂದು ಒಣಪದರ ಮೂಡಿದೊಡನೆ ನಷ್ಟ ಬಹಳವಾಗಿ ತಗ್ಗುತ್ತದೆಂದು ಅವರು 1907ರಲ್ಲಿ ಪ್ರಕಟಿಸಿದರು. ಕೆಳಗಿನ ನೀರು ಆ ಪದರವನ್ನು ದಾಟಿ ಮೇಲೇರಲಾರದು. ಜಲ್ಲಿಯೂ ಅಂಥ ಒಣಪದರವೇ. ಮಣ್ಣಿನ ಅಡಿಯಲ್ಲಿದ್ದು ಗರಿಕೆಯನ್ನು ಕೊಳೆಸಿದ ಅದೇ ಕಲ್ಲು ಈಗ ನಿಂಬೆಯ ಗಿಡದ ಸುತ್ತ, ಕಾಂಡಕ್ಕೆ ತಾಗದಂತೆ, ಮಣ್ಣಿನ ಮೇಲೆ ಹರಡಿದೆ. ಗಿಡ ಚಿಗುರಿದೆಯೆಂದು ಕಳೆದ ತಿಂಗಳು ಬರೆದಿದ್ದಾರೆ.